ಹಾಲೆಂಡಿನಲ್ಲಿ ಒಂದು ಉಪವಾಸದ ಡಬ್ಬಿ

ಹುನ್ನೂರು: ಬಡಾಯಿ ಮೊದಲು, ಪ್ರಯಾಣ ಆಮೇಲೆ

ನಾನು ಕಲಿತದ್ದು ಕನ್ನಡ ಸಾಲಿಯ ನಾಲ್ಕನೆಯ ಇಯತ್ತೆವರೆಗೆ. ಅದನ್ನೂ ಪೂರ್ತಿ ಮಾಡಲಿಲ್ಲ. ಮನೆಯಲ್ಲಿ ಎಮ್ಮೆ ಈದಿತು, ಗಿಣ್ಣ ತಿನ್ನುವ ಆಸೆಗೆ ಸಾಲಿ ತಪ್ಪಿಸಿದವಳು ಮತ್ತೆ ಆ ಕಡೆ ಹೊರಳಿ ನೋಡಲಿಲ್ಲ. ಅಂಥ ನಾನು ವಿಮಾನ ಹತ್ತಿ ಹಾಲೆಂಡಿಗೆ ಹೋಗಿ ಬಂದು, ಈಗ ಅದನ್ನು ಬರೆಯಲಿಕ್ಕೂ ಕೂತಿದ್ದೇನೆ. ನಗುವವರು ನಗಲಿ. ನಮ್ಮ ಮನೆಯವರು ಈಗಾಗಲೇ ನಕ್ಕು ಮುಗಿಸಿದ್ದಾರೆ.

ಕರೆದವಳು ನನ್ನ ಮಗನ ಮಗಳು, ಅಕ್ಷತಾ. ಅವಳ ಹೆಸರು ಬರೆಯುವಾಗಲೇ ನನ್ನ ಬಾಯಿ ಕಿವಿಯ ತನಕ ಅಗಲವಾಗುತ್ತದೆ, ಏನು ಮಾಡಲಿ. ಅವಳು ಅಲ್ಲಿ ಡಾಕ್ಟರಕಿ ಓದುತ್ತಿದ್ದಳು. ಸೂಜಿ ಚುಚ್ಚುವ ಡಾಕ್ಟರಕಿ ಅಲ್ಲ; ದನದ ಮನೆ ತೊಳೆದ ನೀರಿನಿಂದ ಕರೆಂಟು ತೆಗೆಯುವ ಡಾಕ್ಟರಕಿ.

ಈ ಹುಚ್ಚು ಅವಳಿಗೆ ಹತ್ತಿದ್ದು ನಮ್ಮ ಮನೆಯಲ್ಲೇ. ನಮ್ಮ ದನ ತೊಳೆದ ಸಗಣಿ ನೀರು ನೆರೆಮನೆಯ ಮಾಲವ್ವನ ಬಾಗಿಲ ಮುಂದೆ ಹರಿಯುತ್ತಿತ್ತು. ನೀರು ಹರಿದಷ್ಟೂ ನಮ್ಮಿಬ್ಬರ ನಾಲಿಗೆಯೂ ಹರಿಯುತ್ತಿತ್ತು. ಅಕ್ಷತಾ ಆಗ ಸಣ್ಣವಳು, ಕಟ್ಟೆಯ ಮೇಲೆ ಕೂತು ಲೆಕ್ಕ ಬರೆಯುತ್ತ ಎಲ್ಲ ಕೇಳುತ್ತಿದ್ದಳು.

"ಆಯಿ, ಈ ಹೆಂಡಿ ನೀರ ಏನರ ಉಪಯೋಗಕ್ಕ ಬಂತಂದ್ರ ನಿಮ್ಮ ಜಗಳ ನಿಲ್ತೈತಿ ಹೌದಿಲ್ಲೋ?" ಎಂದು ಒಮ್ಮೆ ಕೇಳಿದಳು.

"ನೀರ ನಿಂತ್ರೂ ನಾವ ನಿಲ್ಲೂದಿಲ್ಲ. ನೀ ಸುಮ್ನ ಲೆಕ್ಕ ಬರಿ," ಎಂದೆ ನಾನು.

ಅವಳು ಲೆಕ್ಕವನ್ನೂ ಬರೆದಳು, ನೀರನ್ನೂ ಬಿಡಲಿಲ್ಲ. ಈಗ ಓದಿನ ಕೊನೆಯ ಪರೀಕ್ಷೆ ಬಂದಿತ್ತು. ದೊಡ್ಡ ದೊಡ್ಡವರು ಬಂದು ಅವಳು ಕರೆಂಟು ತೆಗೆಯುವ ಡಬ್ಬಿಗಳನ್ನು ನೋಡಿ ಹೂಂ ಅನ್ನಬೇಕು. ಹೂಂ ಅಂದರೆ ಓದು ಮುಗಿಯಿತು, ಅವಳು ನನ್ನ ಜೊತೆ ಅದೇ ವಿಮಾನದಲ್ಲಿ ಊರಿಗೆ ಬರುತ್ತಾಳೆ. ನಮ್ಮ ಹುನ್ನೂರಿನ ಹಾಲಿನ ಡೇರಿಯವರು ಡೇರಿಯ ಹಿಂದೆ ಜಾಗವನ್ನೂ ತೋರಿಸಿಬಿಟ್ಟಿದ್ದರು, ಮೊದಲ ಡಬ್ಬಿ ಅಲ್ಲೇ ಇಡುವುದೆಂದು. ಊಹೂಂ ಅಂದರೆ ಅವಳು ಅಲ್ಲೇ ಉಳಿದು ಇನ್ನೊಂದು ವರ್ಷ ಮೊದಲಿನಿಂದ ಎಲ್ಲ ಮಾಡಬೇಕು. ಪರೀಕ್ಷೆಗೆ ಮನೆಯವರು ಯಾರಾದರೂ ಬರಬಹುದು ಎಂದರಂತೆ. ಅವಳು ಅಪ್ಪನನ್ನು ಕರೆಯಲಿಲ್ಲ, ಅವ್ವನನ್ನು ಕರೆಯಲಿಲ್ಲ. "ಆಯಿ ಬರ್ಲಿ," ಎಂದಳು.

ಇಷ್ಟಾದ ಮೇಲೆ ನನ್ನ ಬಾಯಿ ಕಟ್ಟುವವರು ಯಾರು? ಜಮಖಂಡಿ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವಳಿಗೆ ಹೇಳಿದೆ. ಮುಧೋಳದ ಬಸ್ಸಿನಲ್ಲಿ ಟಿಕೀಟು ಕೊಡಲು ಬಂದ ಕಂಡಕ್ಟರನಿಗೆ ಹೇಳಿದೆ. ಬೀಳಗಿಯ ಲಗ್ನದಲ್ಲಿ ಊಟಕ್ಕೆ ಕೂತ ಇಡೀ ಸಾಲಿಗೆ ಹೇಳಿದೆ. "ನನ್ನ ಮೊಮ್ಮಗಳ ಹೆಂಡಿ ನೀರಾಗ ಕರೆಂಟ್ ತಗದಾಳ್ರಿ. ಇನ್ನ ನಮ್ಮ ಪಂಪಸೆಟ್ಟು, ಮಿಕ್ಸರು, ಟಿವಿ, ಎಲ್ಲಾ ಅದರ ಮ್ಯಾಲ!" ಇದನ್ನು ಅವಳು ನನಗೆ ಹೇಳಿರಲಿಲ್ಲ. ನಾನೇ ಸೇರಿಸಿದ್ದು.

ಹೊರಡುವಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು.

"ಏ, ಅಲ್ಲಿ ಹೋಗಿ ಸುಮ್ನ ಕುಂದರ. ಯಾರ ಕೆಲಸದಾಗೂ ಕೈ ಹಾಕಬ್ಯಾಡ."

"ನಾ ಯಾಕ ಕೈ ಹಾಕ್ಲಿರಿ?"

"ನಿನ್ನ ಕೈ ನಿನ್ನ ಮಾತ ಕೇಳೂದಿಲ್ಲ, ಅದಕ್ಕ."

ವಿಮಾನದಲ್ಲಿ ರೊಟ್ಟಿಯ ಸಪ್ಪಳ

ಬನಹಟ್ಟಿಯ ಬೀಗರು ತಮ್ಮ ಮಗ್ಗದ ಹತ್ತಿ ಸೀರೆ ಕೊಟ್ಟಿದ್ದರು. ಅದರ ಮೇಲೆ ಮಗನ ಸ್ವೆಟರು, ಕಾಲಿಗೆ ಮೊಮ್ಮಗನ ಕ್ರಿಕೆಟ್ಟಿನ ಬೂಟು. ಕನ್ನಡಿಯಲ್ಲಿ ನೋಡಿಕೊಂಡರೆ ಹೊಲದಲ್ಲಿ ಹಕ್ಕಿ ಓಡಿಸಲು ನಿಲ್ಲಿಸಿದ ಬೆದರುಗೊಂಬೆಗೆ ಯಾರೋ ಕುಂಕುಮ ಹಚ್ಚಿದಂತಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ಮಷೀನಿನೊಳಗೆ ಹಾಕಿದರು. ಆ ಕಡೆ ಕೂತ ಪೊಲೀಸರ ಮುಖ ಬಿಗಿಯಾಯಿತು.

"ಅಜ್ಜಿ, ಇದೇನು ಗುಂಡಗೆ, ಕಲ್ಲಿನ ಥರ?"

"ಬೆಲ್ಲದ ಪೆಂಟಿ ಅಪ್ಪಾ. ನಮ್ಮ ಕಬ್ಬಿಂದು. ಒಂದೀಟ ಬಾಯಾಗ ಹಾಕೊಂಡ ನೋಡ."

"ಡ್ಯೂಟಿಯಲ್ಲಿ ತಿನ್ನೋ ಹಾಗಿಲ್ಲ ಅಜ್ಜಿ."

"ಹಂಗಾರ ಡ್ಯೂಟಿ ಮುಗಿಸಿ ಬಾ, ನಾ ನಿಂದರ್ತೀನಿ," ಎಂದೆ. ನನ್ನ ಹಿಂದೆ ನಿಂತಿದ್ದ ಸಾಲು ನನ್ನನ್ನು ಮುಂದೆ ತಳ್ಳಿತು.

ವಿಮಾನದಲ್ಲಿ ನನ್ನ ಪಕ್ಕ ಒಬ್ಬ ಉದ್ದನೆಯ ಬಿಳಿಯ ಮನುಷ್ಯ ಕೂತಿದ್ದ. ಅವನ ಮುಂದೆ ತಂದಿಟ್ಟ ಊಟ ನೋಡಿ ನನಗೆ ಕನಿಕರ ಬಂತು. ಬುತ್ತಿ ಬಿಚ್ಚಿ ಒಂದು ಸಜ್ಜಿ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಕೈಯಲ್ಲಿ ಕೊಟ್ಟೆ. ನಮ್ಮ ಕಟಕ್ ರೊಟ್ಟಿಯ ಗುಣ ನಿಮಗೆ ಗೊತ್ತೇ ಇದೆ. ಅವನು ಕಚ್ಚಿದ. ಮಲಗಿದ್ದ ನಾಲ್ಕಾರು ಮಂದಿ ವಿಮಾನದ ರೆಕ್ಕೆ ಮುರಿಯಿತೆಂದು ಎದ್ದು ಕೂತರು. ಪಾಪ, ಅವನು ಉಳಿದದ್ದನ್ನು ಬಾಯಲ್ಲಿಟ್ಟುಕೊಂಡು, ಅಗಿಯದೆ, ಅದು ತಾನಾಗಿ ಮೆತ್ತಗಾಗಲಿ ಎಂದು ಕಾಯುತ್ತ ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೂತಿದ್ದ. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು. ನಾನು ಅದನ್ನು ಮನೆಯ ನೆನಪು ಎಂದುಕೊಂಡು ಅವನ ಬೆನ್ನು ಸವರಿದೆ.

ನೀರಿಗಿಂತ ಕೆಳಗಿನ ನೆಲ

ಅಕ್ಷತಾ ಬಂದು ತಬ್ಬಿಕೊಂಡಾಗ ನಾನು ಅತ್ತದ್ದು, ನಕ್ಕದ್ದು, ಅವಳ ಗಲ್ಲ ಹಿಂಡಿದ್ದು ಬರೆಯುವುದಿಲ್ಲ. ಬರೆದರೆ ಪುಟ ಸಾಲದು.

ಆ ದೇಶದಲ್ಲಿ ನೆಲ ಕೆಳಗಿದೆ, ನೀರು ಮೇಲಿದೆ. ನಾನು ಹೇಳುವುದು ಖರೆ. ನಾವು ರಸ್ತೆಯಲ್ಲಿ ಹೋಗುತ್ತಿದ್ದರೆ ಕಾಲುವೆಯ ದೋಣಿ ನಮ್ಮ ತಲೆಯ ಮಟ್ಟಕ್ಕಿಂತ ಮೇಲೆ ಹೋಗುತ್ತಿತ್ತು. ನಮ್ಮ ಹಿಪ್ಪರಗಿಯಲ್ಲಿ ಬ್ಯಾರೇಜು ಕಟ್ಟಿ ಕೃಷ್ಣೆಯನ್ನು "ಹೋಗಬ್ಯಾಡ ತಾಯಿ, ನಿಂದರ" ಎಂದು ಹಿಡಿದಿಟ್ಟಿದ್ದೇವೆ. ಇವರು ಒಡ್ಡು ಕಟ್ಟಿ ಸಮುದ್ರಕ್ಕೆ "ಬರಬ್ಯಾಡ, ಅಲ್ಲೇ ನಿಂದರ" ಎನ್ನುತ್ತಾರೆ. ಮೊದಮೊದಲು ನಾನು ಸೀರೆಯ ನಿರಿಗೆ ಎತ್ತಿ ಹಿಡಿದೇ ನಡೆಯುತ್ತಿದ್ದೆ, ಯಾವಾಗ ಬೇಕಾದರೂ ನೀರು ಬಂದೀತೆಂದು.

ಅಲ್ಲಿಯ ಮನೆಗಳ ಕಿಟಕಿಗೆ ಪರದೆಯೇ ಇಲ್ಲ. ಒಳಗೆ ಕೂತವರು, ಉಣ್ಣುವವರು, ಬಟ್ಟೆ ಮಡಿಸುವವರು ಎಲ್ಲ ಕಾಣುತ್ತಾರೆ. ಕಂಡ ಮೇಲೆ ಮಾತಾಡಿಸದೆ ಹೋಗುವುದು ಹೇಗೆ? ಪ್ರತಿ ಕಿಟಕಿಯ ಮುಂದೆ ನಿಂತು ಕೈ ಮುಗಿದು, "ಊಟ ಆತೇನ್ರೀ?" ಎಂದೆ. ಕೆಲವರು ಕೈ ಬೀಸಿದರು. ಒಬ್ಬ ಮುದುಕ ಎದ್ದು ಲೈಟು ಬಂದ್ ಮಾಡಿದ.

"ಆಯಿ, ಇಲ್ಲಿ ಕಾಣಿಸಿದ್ರೂ ಕಾಣಲಿಲ್ಲ ಅನ್ನೂಹಂಗ ಹೋಗಬೇಕ ಬೇ," ಎಂದು ಅಕ್ಷತಾ ನನ್ನ ತೋಳು ಹಿಡಿದು ಎಳೆದಳು.

"ಹಂಗಾರ ಪರದೆ ಹಾಕ್ಲಿ ಬಿಡ!"

ಅವಳ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆ ಮೇಲಿತ್ತು. ಮೆಟ್ಟಿಲು ಎಂದರೆ ಮಾಳಿಗೆಗೆ ಹಚ್ಚಿದ ಏಣಿ. ಹತ್ತುವಾಗ ದೇವರ ಹೆಸರು ಹೇಳಿ ಹತ್ತಿದೆ. ಇಳಿಯುವಾಗ ದೇವರೂ ನೆನಪಾಗಲಿಲ್ಲ. ಸಣ್ಣ ಕೂಸಿನಂತೆ ಕೂತು ಕೂತು ಇಳಿದೆ. ಅಲ್ಲಿದ್ದಷ್ಟು ದಿನವೂ ಹಾಗೇ ಇಳಿದೆ. ಬನಹಟ್ಟಿಯ ಸೀರೆ ಗಟ್ಟಿ ಎಂಬುದು ಹಾಲೆಂಡಿನಲ್ಲಿ ಸಿದ್ಧವಾಯಿತು.

ಯಾನಪ್ಪನ ದನದ ಮನೆ

ಅಕ್ಷತಾಳ ಡಬ್ಬಿಗಳು ಇದ್ದದ್ದು ಕಾಲೇಜಿನಲ್ಲಲ್ಲ, ಊರ ಹೊರಗೆ ಒಬ್ಬ ರೈತರ ದನದ ಮನೆಯಲ್ಲಿ. ಅವರ ಹೆಸರು ಯಾನ್. ನನ್ನ ವಯಸ್ಸಿನವರು, ಹೆಂಡತಿ ಇಲ್ಲ, ಕೆಂಪು ಮುಖ. ಬರೀ ಯಾನ್ ಎಂದು ಕರೆಯಲು ನಾಲಿಗೆ ಹೊರಳಲಿಲ್ಲ, ಯಾನಪ್ಪ ಎಂದೆ. ಅವರೂ ಓಗೊಟ್ಟರು.

ಅವರ ದನದ ಮನೆ ನಮ್ಮೂರ ಕಲ್ಯಾಣಮಂಟಪಕ್ಕಿಂತ ದೊಡ್ಡದು. ಆಕಳಿಗೆ ಬೆನ್ನು ತುರಿಸಿದರೆ ತಿರುಗುವ ಬ್ರಷ್ಷು ಇದೆ. ತಾನೇ ಬಂದು ಅದರ ಕೆಳಗೆ ನಿಲ್ಲುತ್ತದೆ, ಬ್ರಷ್ಷು ಗರಗರ ತಿರುಗುತ್ತದೆ, ಆಕಳು ಕಣ್ಣು ಮುಚ್ಚುತ್ತದೆ. ಯಾರೂ ಇಲ್ಲದಾಗ ನಾನೂ ಒಮ್ಮೆ ಬೆನ್ನು ಕೊಟ್ಟೆ. ಸೆರಗು ಸುತ್ತಿಕೊಂಡಿತು. ಬಿಡಿಸಿದವರು ಯಾನಪ್ಪ. ನಮ್ಮಿಬ್ಬರಲ್ಲಿ ಒಬ್ಬರ ಭಾಷೆ ಒಬ್ಬರಿಗೆ ಬಾರದ್ದು ಆ ಹೊತ್ತಿಗೆ ದೊಡ್ಡ ಉಪಕಾರವಾಯಿತು.

ದನದ ಮನೆಯ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಸಾಲಾಗಿ ನಾಲ್ಕು ಡಬ್ಬಿ. ಗಾಜಿನ ಹಾಗೆ ಒಳಗೆಲ್ಲ ಕಾಣುತ್ತದೆ. ಒಳಗೆ ಕರಿ ಕಂಬಳಿಯ ತುಂಡಿನಂಥ ಬಟ್ಟೆ, ರಾಡಿ, ನೀರು. ಹೊರಗೆ ತಂತಿ, ತಂತಿಯ ತುದಿಗೆ ಮೆಂತ್ಯದ ಕಾಳಿನಷ್ಟು ಒಂದು ಕೆಂಪು ದೀಪ.

"ಆಯಿ, ಈ ರಾಡಿಯಾಗ ಕಣ್ಣಿಗೆ ಕಾಣದಂಥ ಜೀವ ಅದಾವ," ಎಂದಳು ಅಕ್ಷತಾ. "ಅವು ಹೆಂಡಿ ನೀರಾಗಿನ ಹೊಲಸು ತಿಂತಾವ. ತಿಂದು ಅರಗಿಸೂ ಮುಂದ ಈಟೀಟ ಕರೆಂಟ್ ಬಿಡ್ತಾವ. ಈ ಕರಿ ಬಟ್ಟಿ ಅದನ್ನ ಹಿಡಕೊಂಡು ತಂತಿಗೆ ಕೊಡ್ತೈತಿ."

"ಅಂದ್ರ ಉಂಡ ಮ್ಯಾಲ ತೇಗಿದಂಗೇನ?"

ಅವಳು ಸ್ವಲ್ಪ ಯೋಚಿಸಿ, "ಹೂಂ, ಹಂಗ ತಿಳಕೋ," ಎಂದು ನಕ್ಕಳು.

ನಾವು ನೋಡುತ್ತಿರುವಾಗಲೇ ಒಂದು ದೀಪ ಮಿಣುಕ್ಕೆಂದಿತು. ಸ್ವಲ್ಪ ತಡೆದು ಇನ್ನೊಂದು. ಕರೆಂಟು ಹನಿ ಹನಿ ಕೂಡಿ ತುಂಬಿಕೊಂಡಾಗ ಒಮ್ಮೆ ಮಿಣುಕುವುದಂತೆ. ನಾನು ಕೈ ಜೋಡಿಸಿದೆ. ಆಮೇಲೆ ಸುತ್ತ ನೋಡಿದೆ.

"ಛಲೋ ಆತು. ಇನ್ನ ಪಂಪಸೆಟ್ಟ ಹಚ್ಚಿ ತೋರ್ಸ."

"ಆಯಿ, ಇದು ಪಂಪಸೆಟ್ಟ ಎತ್ತೂದಿಲ್ಲ ಬೇ. ಸದ್ಯಕ್ಕ ಇಷ್ಟ. ಇದರಾಗ ಹಾಯ್ದು ಬಂದ ನೀರು ಸ್ವಚ್ಛ ಆಗಿ ಹೊಲಕ್ಕ ಬಿಡಾಕ ಬರ್ತೈತಿ, ಅದ ದೊಡ್ಡದು. ನೀರ ಎಷ್ಟ ಸ್ವಚ್ಛ ಆತು ಅಂತ ನೋಡೂ ಮೀಟರಿಗೆ ಈ ಕರೆಂಟ ಸಾಕಾಗ್ತೈತಿ."

"ಮತ್ತ ನಾ ಜಮಖಂಡಿ ಪ್ಯಾಟ್ಯಾಗ..."

"ಏನ ಹೇಳಿ ಬಂದಿ ಆಯಿ?"

"ಏನಿಲ್ಲ. ಆ ಆಕಳ ನೋಡ, ಎಷ್ಟ ಚಂದ ಐತಿ," ಎಂದೆ.

ಒಬ್ಬರಿಗೆ ಒಂದೇ ಬಿಸ್ಕೀಟು

ಕೆಲಸ ನೋಡಿದ ಮೇಲೆ ಯಾನಪ್ಪ ತಮ್ಮ ಅಡುಗೆಮನೆಗೆ ಕರೆದು ಕಾಫಿ ಕೊಟ್ಟರು. ತಗಡಿನ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ನಾನು ಒಂದು ಬಿಸ್ಕೀಟು ತೆಗೆದುಕೊಂಡೆ. ಟಪ್ಪೆಂದು ಮುಚ್ಚಳ ಹಾಕಿದರು. ಡಬ್ಬಿ ಕಪಾಟಿಗೆ ಹೋಯಿತು. ಎರಡನೆಯದಕ್ಕೆ ಎಂದು ಮುಂದೆ ಚಾಚಿದ ನನ್ನ ಕೈ ಗಾಳಿಯಲ್ಲಿ ನಿಂತಿತು. ಅದನ್ನು ಹಾಗೇ ತಿರುಗಿಸಿ ಕಿವಿಯ ಬೆಂಡೋಲೆ ಸರಿಮಾಡಿಕೊಂಡೆ.

"ಇಲ್ಲಿ ಪದ್ಧತಿನ ಹಂಗ ಆಯಿ. ಒಂದ ಕಾಫಿಗೆ ಒಂದ ಬಿಸ್ಕೀಟ," ಎಂದಳು ಅಕ್ಷತಾ ನನ್ನ ಕಿವಿಯಲ್ಲಿ.

ನಮ್ಮಲ್ಲಿ ಒಲ್ಲೆ ಒಲ್ಲೆ ಎಂದರೂ ತಟ್ಟೆಯ ಮೇಲೆ ಸುರಿಯುತ್ತಾರೆ. ಒಲ್ಲೆ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ತುಪ್ಪ ಸುರಿಯುತ್ತಾರೆ. ಯಾನಪ್ಪ ಕೆಟ್ಟವರಲ್ಲ, ಅವರ ಪದ್ಧತಿ ಹಾಗೆ. ಆದರೆ ಆ ಮುಚ್ಚಳದ ಟಪ್ಪೆಂಬ ಸಪ್ಪಳ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಮರುದಿನ ಅಕ್ಷತಾ ಡಬ್ಬಿಗಳಿಗೆ ನೀರು ಬಿಡುವುದನ್ನು ಕೂತು ನೋಡುತ್ತಿದ್ದೆ. ಮೊದಲ ಡಬ್ಬಿಗೆ ದನ ತೊಳೆದ ನೀರು. ಎರಡನೆಯದಕ್ಕೆ ಅದೇ. ಮೂರನೆಯದಕ್ಕೂ ಅದೇ. ನಾಲ್ಕನೆಯದಕ್ಕೆ ಬರೀ ತಿಳಿನೀರು.

"ಇದಕ್ಕ ಯಾಕ ಹಾಕಲಿಲ್ಲ?"

"ಅದಕ್ಕ ಊಟ ಇಲ್ಲ ಆಯಿ, ಬರೇ ನೀರ," ಎಂದಳು. ಅಷ್ಟರಲ್ಲಿ ಫೋನು ಬಂತು, ಎದ್ದು ಹೋದಳು.

ನಾನು ನಾಲ್ಕನೆಯ ಡಬ್ಬಿಯ ಕಡೆ ನೋಡಿದೆ. ಮೂರೂ ದೀಪ ಮಿಣುಕುತ್ತಿದ್ದವು, ಅದರ ದೀಪ ಕಪ್ಪಗಿತ್ತು.  ಈ ಊರಿನ ಗುಣ ನಮ್ಮ ಹುಡುಗಿಗೂ ಹತ್ತಿತಲ್ಲ ಎಂದುಕೊಂಡೆ.

ಪಂಕ್ತಿಭೇದ

ನಮ್ಮ ಮಠದ ದಾಸೋಹದಲ್ಲಿ ಸಾಹುಕಾರನಿಗೂ ಅವನ ಆಳಿಗೂ ಒಂದೇ ಸವುಟು, ಒಂದೇ ಹುಗ್ಗಿ. ನನ್ನ ಅತ್ತೆ ಬಾಯಿ ಬಿರುಸಿನ ಹೆಂಗಸು, ಆದರೆ ಬಡಿಸುವಾಗ ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಮುಂದೆ ಹೋದವಳಲ್ಲ. "ಪಂಕ್ತಿಭೇದ ಮಾಡಿದ ಕೈಗೆ ಹುಳ ಬೀಳ್ತಾವ," ಎನ್ನುತ್ತಿದ್ದಳು. ನಾಲ್ಕು ಜನರನ್ನು ಸಾಲಾಗಿ ಕೂರಿಸಿ, ಮೂವರಿಗೆ ಬಡಿಸಿ, ನಾಲ್ಕನೆಯವನ ಎಲೆಯ ಮುಂದೆ ನೀರಿನ ತಂಬಿಗೆ ಇಟ್ಟರೆ ಯಾವ ಮನೆ ಉದ್ಧಾರವಾದೀತು? ಅದೂ ನನ್ನ ಮೊಮ್ಮಗಳ ಕೈಯಿಂದ, ಪರೀಕ್ಷೆಯ ಹೊತ್ತಿನಲ್ಲಿ?

ಅವಳು ಪಕ್ಕದ ಕೋಣೆಯಲ್ಲಿ ಬರೆಯುತ್ತಿದ್ದಾಗ ನಾನು ಬೆಲ್ಲದ ಪೆಂಟೆಯಿಂದ ಒಂದು ತುಂಡು ಒಡೆದೆ. ಬಿಸಿನೀರಿನಲ್ಲಿ ಕರಗಿಸಿದೆ. ಡಬ್ಬಿಯ ಮೇಲಿನ ಬೂಚು ತೆಗೆದು ಚಮಚದಿಂದ ಒಳಗೆ ಬಿಟ್ಟೆ.

"ಉಣ್ರೆಪಾ. ನಾಚಬ್ಯಾಡ್ರಿ. ಹೊಟ್ಟಿ ತುಂಬ ಉಣ್ರಿ," ಎಂದೆ.

ದಿನಾಲೂ ಹೀಗೇ ಮಾಡಿದೆ. ಮೊದಲು ಏನೂ ಆಗಲಿಲ್ಲ. ಹಸಿದವರು ಉಂಡ ಕೂಡಲೇ ಏಳುತ್ತಾರೆಯೇ ಎಂದು ಸುಮ್ಮನಿದ್ದೆ. ಆಮೇಲೆ ಒಂದು ಮುಂಜಾನೆ ಹೋಗಿ ನೋಡುತ್ತೇನೆ, ನಾಲ್ಕನೆಯ ದೀಪ ಮಿಣುಕ್! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ಎರಡು ಹೆಜ್ಜೆ ಕುಣಿದೆ. ಬ್ರಷ್ಷಿನ ಕೆಳಗಿದ್ದ ಆಕಳು ಬೆನ್ನು ತುರಿಸಿಕೊಳ್ಳುವುದನ್ನು ಬಿಟ್ಟು ನನ್ನನ್ನು ನೋಡಿತು.

ಅಕ್ಷತಾಗೆ ಹೇಳಲಿಲ್ಲ. ಪರೀಕ್ಷೆಯ ದಿನ ದೊಡ್ಡವರೆಲ್ಲ ಬಂದು, "ಮೂರಲ್ಲ, ನಾಲ್ಕೂ ಬೆಳಗಾಕತ್ತಾವಲ್ಲ!" ಎಂದು ಬೆರಗಾದಾಗ ಹೇಳೋಣ ಎಂದು ನಾಲಿಗೆಯನ್ನು ಹಲ್ಲಿನ ಕೆಳಗೆ ಹಿಡಿದಿಟ್ಟೆ. ನನ್ನ ಜನ್ಮದಲ್ಲಿ ನಾನು ಕಾಪಾಡಿದ ಗುಟ್ಟು ಅದೊಂದೇ.

ಅಂದಿನಿಂದ ಅಕ್ಷತಾ ಸರಿಯಾಗಿ ಉಣ್ಣಲಿಲ್ಲ. ತಂತಿ ಬಿಚ್ಚುತ್ತಾಳೆ, ಹಚ್ಚುತ್ತಾಳೆ, ನಾಲ್ಕನೆಯ ಡಬ್ಬಿಯ ಮುಂದೆ ತಲೆ ಹಿಡಿದು ಕೂರುತ್ತಾಳೆ.

"ಏನಾತ ಯವ್ವಾ?"

"ಏನಿಲ್ಲ ಆಯಿ. ನೀ ಚಿಂತಿ ಮಾಡಬ್ಯಾಡ."

ಪರೀಕ್ಷೆ ಸಮೀಪಿಸಿದರೆ ಎಲ್ಲ ಮಕ್ಕಳೂ ಹೀಗೇ ಎಂದುಕೊಂಡೆ. ಅವಳ ತಲೆಗೆ ಎಣ್ಣೆ ತಿಕ್ಕಿದೆ. ಅವಳಿಗೆ ಒಳ್ಳೆಯದಾಗಲಿ ಎಂದು ನಾಲ್ಕನೆಯ ಡಬ್ಬಿಗೆ ಇನ್ನೂ ಒಂದು ಚಮಚ ಹೆಚ್ಚು ಹಾಕಿದೆ.

ಅಡುಗೆಮನೆಯ ಮೇಜಿನ ಸುತ್ತ

ಒಂದು ಮಧ್ಯಾಹ್ನ ಅವಳ ಅಕ್ಕೋರು ಬಂದರು. ಅವಳಿಗೆ ಕಲಿಸುವ ಟೀಚರು. ಬಾಬ್ ಕಟ್ಟಿನ ಬಿಳಿ ಕೂದಲು, ಸೈಕಲ್ಲಿನ ಮೇಲೆ ಬಂದವರು. ಡಬ್ಬಿ ನೋಡಿದರು, ಮೀಟರು ನೋಡಿದರು. ಯಾನಪ್ಪನ ಅಡುಗೆಮನೆಯಲ್ಲಿ ಎಲ್ಲರೂ ಕೂತೆವು. ಕಾಫಿ ಬಂತು. ಒಂದೊಂದು ಬಿಸ್ಕೀಟು ಬಂತು. ಟಪ್.

ಅಕ್ಕೋರು ಮೆಲ್ಲಗೆ ಏನೋ ಹೇಳುತ್ತಿದ್ದರು. ಅಕ್ಷತಾಳ ಕಣ್ಣು ತುಂಬಿತ್ತು.

"ಏನ ಅನ್ನಾಕತ್ತಾರ?" ಎಂದೆ.

"ಉಪಾಸ ಇಟ್ಟ ಡಬ್ಬಿ ಯಾಕ ಬೆಳಗಾಕತ್ತೈತಿ ಅಂತ ಕೇಳಾಕತ್ತಾರ ಆಯಿ. ಕಾರಣ ಸಿಗಲಿಲ್ಲಂದ್ರ..."

ನನ್ನ ಎದೆ ಉಬ್ಬಿತು. ಇನ್ನು ತಡೆಯಲು ಆಗಲಿಲ್ಲ. ತೊಡೆ ತಟ್ಟಿಕೊಂಡು ಎದ್ದು ನಿಂತೆ.

"ಅಯ್ಯ, ಇಷ್ಟಕ್ಕ್ಯಾಕ ತಲಿ ಕೆಡಿಸ್ಕೊಂಡೀರಿ? ಅದು ಬೆಳಗಿದ್ದು ನನ್ನಿಂದ! ದಿನಾ ನಾನ ಬೆಲ್ಲದ ನೀರ ಹಾಕೀನಿ. ಹೇಳ ಅವರಿಗೆ, ಹುನ್ನೂರ ಬೆಲ್ಲ ಅಂತ ಹೇಳ!"

ಅಕ್ಷತಾ ಹೇಳಲಿಲ್ಲ. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು.  ನಾನು ಇನ್ನೂ ನಗುತ್ತಲೇ ನಿಂತಿದ್ದೆ.

"ಆಯಿ," ಎಂದಳು ಕಡೆಗೆ, "ಅದನ್ನ ಬೇಕಂತನ ಉಪಾಸ ಇಟ್ಟಿದ್ದೆ ಬೇ. ಹೆಂಡಿ ನೀರ ಹಾಕಿದ್ದು ಬೆಳಗತೈತಿ, ಹಾಕದ್ದು ಬೆಳಗೂದಿಲ್ಲ. ಅಂದ್ರ ಕರೆಂಟ ಬರೂದು ಆ ಹೆಂಡಿ ನೀರಿಂದನ ಅಂತ ಖಾತ್ರಿ ಆಗ್ತೈತಿ. ಅದೂ ಬೆಳಗಿತಂದ್ರ, ನಾ ಇಷ್ಟ ವರ್ಷ ಹೇಳಿದ್ದೆಲ್ಲ ಸುಳ್ಳಂತ ಆಗ್ತೈತಿ."

ನಾನು ಕೂತೆ. 

ಅಕ್ಷತಾ ಅಕ್ಕೋರಿಗೆ ಅವರ ಭಾಷೆಯಲ್ಲಿ ತಿಳಿಸಿದಳು. ಮೊದಲು ಯಾನಪ್ಪನ ಹೆಗಲು ಅಲುಗತೊಡಗಿತು. ಆಮೇಲೆ ಮುಖ ಇನ್ನಷ್ಟು ಕೆಂಪಾಯಿತು. ಆಮೇಲೆ ಆ ಮನುಷ್ಯ ಮೇಜು ಗುದ್ದಿ ಗುದ್ದಿ ನಕ್ಕರು. ಅಕ್ಕೋರು ನಗಲಿಲ್ಲ. ಎಷ್ಟು ಚಮಚ, ಯಾವ ಚಮಚ ಎಂದು ಕೇಳಿದರು. ನಾನು ಕಾಫಿಯ ಚಮಚ ಎತ್ತಿ ತೋರಿಸಿದೆ.

"ಯಾಕ ಹಾಕಿದ್ರಿ ಅಂತ ಕೇಳ್ತಾರ ಆಯಿ."

"ಪಂಕ್ತಿಯಾಗ ಕುಂತವರನ್ನ ಉಪಾಸ ಬಿಡಬಾರದಂತ ಹೇಳ," ಎಂದೆ. 

ಆ ಮಾತನ್ನು ಅವರ ಭಾಷೆಗೆ ತರಲು ಅಕ್ಷತಾಗೆ ಬಹಳ ಹೊತ್ತು ಹಿಡಿಯಿತು. ಕೇಳಿದ ಮೇಲೆ ಅಕ್ಕೋರು ತಮ್ಮ ತಟ್ಟೆಯಲ್ಲಿದ್ದ ಬಿಸ್ಕೀಟನ್ನು ಸುಮ್ಮನೆ ನೋಡಿದರು. ಆಮೇಲೆ ದಾರಿ ಹೇಳಿದರು. ನಾಲ್ಕನೆಯ ಡಬ್ಬಿಯ ರಾಡಿ ಬಿಟ್ಟು ನೀರಷ್ಟೇ ಚೆಲ್ಲಿ, ಹೊಸ ತಿಳಿನೀರು ತುಂಬಬೇಕು. ಒಳಗಿನ ಜೀವಗಳ ಹೊಟ್ಟೆಯಲ್ಲಿ ಉಳಿದ ಬೆಲ್ಲ ಖರ್ಚಾಗುವವರೆಗೆ ಅದು ಮಿಣುಕುತ್ತಲೇ ಇರುತ್ತದೆ. ಪರೀಕ್ಷೆಯ ದಿನದೊಳಗೆ ಅದು ಕಪ್ಪಾಗಿ, ಕಪ್ಪಾಗಿಯೇ ಉಳಿದರೆ ಹೂಂ. ಮಿಣುಕಿದರೆ ಎಲ್ಲ ಮೊದಲಿನಿಂದ. ಮುಂದಿನ ಚಳಿಗಾಲದವರೆಗೆ ಹುಡುಗಿ ಊರು ಕಾಣುವಂತಿಲ್ಲ.

ಕಾವಲು

ನನ್ನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ. ಮರುದಿನ ಮುಂಜಾನೆ ಅಕ್ಷತಾ ನನ್ನ ಬೂಟು ತಂದು ಮುಂದಿಟ್ಟಳು.

"ನಡಿ ಆಯಿ. ನಾನು ಬರೀಬೇಕು. ನೀ ಡಬ್ಬಿ ಮುಂದ ಕುಂದರ."

"ನಾನಾ? ಕಳ್ಳಗ ಕೀಲಿ ಕೊಡ್ತಿಯೇನ?"

"ಕಳ್ಳ ಅಲ್ಲ ಬೇ ನೀ. ಬಡಸೂ ಕೈ. ಆ ಕೈ ಕಟ್ಟಿ ಕುಂದರಬೇಕು, ಅಷ್ಟ."

ಬೆಲ್ಲದ ಪೆಂಟೆಯನ್ನು ನಾನೇ ಯಾನಪ್ಪನ ಕೈಗೆ ಕೊಟ್ಟು, ಬಚ್ಚಿಡಿ ಎಂದು ಸನ್ನೆ ಮಾಡಿದೆ. ಅವರು ಅದನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟರು. ಮರುದಿನ ಕಾಫಿಯ ಜೊತೆ ಒಂದು ಚೂರು ತಿಂದು ನೋಡಿದರು. ಇನ್ನೊಂದು ಚೂರು ಒಡೆದರು. ಮತ್ತೊಂದು. ಡಬ್ಬಿಯ ಮುಚ್ಚಳ ಹಾಕುವುದನ್ನೇ ಮರೆತರು. ಒಂದು ದೇಶದ ಪದ್ಧತಿಯನ್ನು ನಾನು ಹೀಗೆ ಕೆಡಿಸಿದೆ. ಅದಕ್ಕೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ.

 ಹೊಲದಲ್ಲಿ ಕಳೆ ತೆಗೆದಿದ್ದೇನೆ, ಕಬ್ಬು ಹೊತ್ತಿದ್ದೇನೆ, ಆರು ಹಡೆದಿದ್ದೇನೆ. ಸುಮ್ಮನೆ ಕೂತು ಒಬ್ಬರನ್ನು ಉಪವಾಸ ನೋಡುವಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಆ ದೀಪ ಮಿಣುಕಿದಾಗಲೆಲ್ಲ ನನ್ನ ಮೊಮ್ಮಗಳು ಊರಿನಿಂದ ಒಂದು ಹೆಜ್ಜೆ ದೂರ ಹೋದಂತೆ ಅನಿಸುತ್ತಿತ್ತು. ದೀಪ ಆರಲಿ ಎನ್ನಬೇಕು, ಅನ್ನಲು ಬಾಯಿ ಬಾರದು. ನಮ್ಮಲ್ಲಿ ಹೆಂಗಸರು ಆ ಮಾತನ್ನು ಆಡುವುದುಂಟೇ? ಸಂಜೆಯ ದೀಪಕ್ಕೂ "ಶಾಂತ ಆಗವ್ವಾ" ಎಂದೇ ಹೇಳುತ್ತೇವೆ. ಹಾಗಾಗಿ ಡಬ್ಬಿಯ ಮುಂದೆ ಕೈ ಮುಗಿದು, "ಶಾಂತ ಆಗ ನನ್ನವ್ವಾ, ಶಾಂತ ಆಗ," ಎನ್ನುತ್ತ ಕೂತೆ. ಅದು ನನ್ನ ಕಡೆ ನೋಡಿ ಮಿಣುಕ್ ಎನ್ನುತ್ತಿತ್ತು.

ಊರಿಗೆ ಫೋನು ಮಾಡಿ ನಮ್ಮ ಮನೆಯವರಿಗೆ, ಅಂದರೆ ಅಕ್ಷತಾಳ ಮುತ್ಯಾನಿಗೆ, ಎಲ್ಲ ಹೇಳಿದೆ. ಬೈದರೆ ಬೈಯಲಿ, ಸಮಾಧಾನವಾದರೂ ಆದೀತು ಎಂದು. ಅವರು ಬೈಯಲಿಲ್ಲ.

"ನಿನ್ನ ಕೈಯಾಗ ಯಾರರ ಉಪಾಸ ಉಳದಾರೇನ? ನನ್ನ ಹೊಟ್ಟಿ ನೋಡಿದ್ರ ತಿಳಿಯೂದಿಲ್ಲ?" ಎಂದರು. ಆಮೇಲೆ ಬೇರೆಯೇ ದನಿಯಲ್ಲಿ, "ಕೂಸ ಬರ್ತಾಳೋ ಇಲ್ಲೋ?" ಎಂದು ಕೇಳಿದರು.

ನಾನು ಫೋನು ಇಟ್ಟು ಮತ್ತೆ ಡಬ್ಬಿಯ ಮುಂದೆ ಹೋಗಿ ಕೂತೆ.

ದಿನ ಕಳೆದಂತೆ ದೀಪ ಮಿಣುಕುವುದು ನಿಧಾನವಾಯಿತು. ಆಗ ನನಗೆ ಇನ್ನೊಂದು ಸಂಕಟ ಶುರುವಾಯಿತು.

"ಒಳಗ ಅವು ಸಾಯಾಕತ್ತಾವೇನ?" ಎಂದು ಅಕ್ಷತಾಳನ್ನು ಕೇಳಿದೆ.

"ಇಲ್ಲ ಆಯಿ. ಮಲಗಿದಂಗ ಇರ್ತಾವ. ಪರೀಕ್ಷಾ ಮುಗಿದ ಮ್ಯಾಲ ನೀನ ಊಟ ಹಾಕೀಯಂತ."

ಅಷ್ಟು ಕೇಳಿದ ಮೇಲೆ ಕೈಗಳನ್ನು ಸ್ವೆಟರಿನೊಳಗೆ ತುರುಕಿಕೊಂಡು ಕೂರಲು ಸ್ವಲ್ಪ ಬಲ ಬಂತು. ಪರೀಕ್ಷೆಯ ಹಿಂದಿನ ದಿನವೂ ಅದು ಒಮ್ಮೆ ಮಿಣುಕಿತು. ಅಕ್ಷತಾ ನೋಡಿದಳು. ನನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಅವಳ ಬಟ್ಟೆಗಳನ್ನು ತೆಗೆದು ತಿರುಗಿ ಕಪಾಟಿನಲ್ಲಿಟ್ಟಳು.

ದೊಡ್ಡವರು ಬಂದ ದಿನ

ಕರಿ ಕೋಟಿನವರು ಬಂದರು, ಸುತ್ತಲಿನ ಊರಿನ ರೈತರು ಬಂದರು. ಎಲ್ಲರ ಕಾಲಿಗೂ ಯಾನಪ್ಪ ರಬ್ಬರಿನ ಬೂಟು ಕೊಟ್ಟರು. ಅಕ್ಷತಾ ನಿಂತು ಅವರ ಭಾಷೆಯಲ್ಲಿ ಮಾತಾಡಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಪ್ರತಿ ಮಾತಿಗೂ ಹೂಂ ಎಂದು ತಲೆ ಆಡಿಸಿದೆ. ನಡುವೆ ಒಮ್ಮೆ ಕೋಟಿನವರೊಬ್ಬರು ನನ್ನ ತಲೆ ನೋಡಿ ತಾವೂ ಆಡಿಸತೊಡಗಿದರು.

ಆಮೇಲೆ ಯಾನಪ್ಪ ದನದ ಮನೆಯ ಬಾಗಿಲು ಎಳೆದರು, ಲೈಟು ಬಂದ್ ಮಾಡಿದರು. ಕತ್ತಲೆಯಲ್ಲಿ ಆಕಳು ಮೆಲುಕು ಹಾಕುವ ಸಪ್ಪಳ ಒಂದೇ.

ಮೊದಲ ದೀಪ ಮಿಣುಕಿತು. ಮೂರನೆಯದು ಮಿಣುಕಿತು. ಎರಡನೆಯದು. ಮತ್ತೆ ಮೊದಲನೆಯದು. ಜನರೆಲ್ಲ ಆ ಕಡೆ ಬಾಗಿ ಆಹಾ ಎಂದರು. ನಾನು ಅವುಗಳ ಕಡೆ ನೋಡಲೇ ಇಲ್ಲ. ನಾಲ್ಕನೆಯದರ ಮುಂದೆ ಉಸಿರು ಹಿಡಿದು ನಿಂತಿದ್ದೆ. ಶಾಂತ ಆಗ ನನ್ನವ್ವಾ. ಮೂರೂ ಇನ್ನೊಂದು ಸುತ್ತು ಮಿಣುಕಿದವು. ಇನ್ನೊಂದು ಸುತ್ತು. ನನ್ನ ಮುಂದೆ ಕತ್ತಲೆ. ಮತ್ತೊಂದು ಸುತ್ತಾಯಿತು, ಮಗದೊಂದಾಯಿತು. ನನ್ನ ಮುಂದೆ ಗಟ್ಟಿ, ಕಪ್ಪನೆಯ, ಚಂದದ ಕತ್ತಲೆ.

ಮೀಟರು ನೋಡುತ್ತಿದ್ದ ಅಕ್ಕೋರು ತಲೆ ಎತ್ತಿ ಅಕ್ಷತಾಗೆ ಒಂದೇ ಮಾತು ಹೇಳಿದರು. ಆ ಭಾಷೆಯಲ್ಲಿ ನನಗೆ ತಿಳಿದ ಒಂದೇ ಮಾತು ಅದು: ಹೂಂ.

ನಾನು ಚಪ್ಪಾಳೆ ಹೊಡೆದೆ. ಎರಡು ಕೈಯೂ ಉರಿಯುವಂತೆ ಹೊಡೆದೆ. "ಭಲೆ ನನ್ನವ್ವಾ! ಭಲೆ!" ಎಂದು ಕೂಗಿದೆ. ಲೈಟು ಹತ್ತಿತು. ಕೋಟಿನವರೂ ರೈತರೂ ಬೆಳಗುವ ಮೂರನ್ನು ಬಿಟ್ಟು ನನ್ನ ಕಡೆ ಬಂದು, ಈ ಮುದುಕಿ ಏನು ಕಂಡಳೋ ಎಂದು ನಾಲ್ಕನೆಯ ಡಬ್ಬಿಯನ್ನು ಬಗ್ಗಿ ಬಗ್ಗಿ ನೋಡಿದರು. ಅಲ್ಲಿ ನೋಡಲು ಏನೂ ಇರಲಿಲ್ಲ. ಯಾನಪ್ಪ ಒಬ್ಬರಿಗೆ ಮಾತ್ರ ಕಂಡಿತು. ಅವರೂ ನನ್ನ ಪಕ್ಕ ನಿಂತು ಚಪ್ಪಾಳೆ ಹೊಡೆಯತೊಡಗಿದರು.

ಅಕ್ಷತಾ ಬಂದು ನನ್ನ ಕೈ ಹಿಡಿದುಕೊಂಡಳು. ಇಷ್ಟು ದಿನ ತಡೆದಿದ್ದ ಅಳುವೆಲ್ಲ ಅವಳ ಮುಖದ ಮೇಲೆ ಇಳಿಯುತ್ತಿತ್ತು.

"ಸಾಕ ಆಯಿ, ಮಂದಿ ನೋಡಾಕತ್ತಾರ. ಹತ್ತದ ದೀಪಕ್ಕ ಯಾರರ ಹಿಂಗ ಕುಣೀತಾರೇನ ಬೇ?"

"ನೋಡ್ಲಿ ಬಿಡ," ಎಂದೆ. "ನಿಮ್ಮ ಮುತ್ಯಾಗ ಫೋನ್ ಹಚ್ಚ ಮೊದಲ. ಕೂಸ ಬರಾಕತ್ತಾಳಂತ ನಾನ ಹೇಳ್ತೀನಿ."